ನಮ್ಮನಿ ಗುಂಗುರ ಕೂದಲದ ಇತಿಹಾಸ

ಹೋದ ತಿಂಗಳ ಮಗಳು ಮಂಗಳೂರಿಂದ ಬಂದಿದ್ಲು, ಮೊಮ್ಮಗಳನ್ನೂ ಕರಕೊಂಡು. ಭಾನುವಾರ ಮುಂಜಾನಿ ಹುಡುಗಿಗೆ ಎಣ್ಣಿ ಹಚ್ಚಿ ಎರಿಬೇಕಂತ ನಾ ನೀರ ಕಾಯಾಕ ಇಟ್ಟು, ಕೊಬ್ಬರಿ ಎಣ್ಣಿ ಬೆಚ್ಚಗ ಮಾಡಿಕೊಂಡು, ಹಣಿಗಿ ಹಿಡಕೊಂಡು ಕುಂತೆ. ಆರು ವರ್ಷದ ಹುಡುಗಿ, ಹಣಿಗಿ ನೋಡಿದ್ದ ತಡ ಓಡಿಹೋಗಿ ಅವರವ್ವನ ಹಿಂದ ನಿಂತ್ಲು. ಮಗಳು ಮೆಲ್ಲಕ, "ಅವ್ವಾ, ನೀ ಎಣ್ಣಿ ಅಷ್ಟ ಹಚ್ಚು, ಬಾಚೂದು ನಾನ ಬಾಚ್ತೀನಿ" ಅಂದ್ಲು. ಸಿಟ್ಟಿಲೆ ಏನೂ ಅನ್ನಲಿಲ್ಲ. ಆದ್ರ ಆ ಮಾತಿನ ಹಿಂದ ಇಪ್ಪತ್ತೈದು ವರ್ಷದ ಲೆಕ್ಕ ಇತ್ತು. ಅದು ನಂಗೂ ಗೊತ್ತು, ಅಕಿಗೂ ಗೊತ್ತು.

ನಮ್ಮನ್ಯಾಗ ಗುಂಗುರ ಕೂದಲ ಹೆಣ್ಣಿನ ಕಡಿಂದ ಇಳಕೊಂಡ ಬಂದೈತಿ. ನಮ್ಮ ಆಯಿ, ಅವ್ವ, ನಾನು, ಮಗಳು, ಈಗ ಈ ಮೊಮ್ಮಗಳು. ಐದು ತಲಿ ಕೂದಲ ಒಂದ ನಮೂನಿ, ಅದನ್ನ ನಾವು ನೋಡಿಕೊಂಡ ರೀತಿ ಮಾತ್ರ ಐದು ನಮೂನಿ. ಅದನ್ನ ಒಂದು ಕಡೆ ಬರದಿಡಬೇಕು ಅನ್ನಿಸ್ತು. ನಿಮ್ಮ ಮನ್ಯಾಗೂ ಒಂದು ಗುಂಗುರ ತಲಿ ಇದ್ರ ಪೂರಾ ಓದ್ರಿ.

ಆಯಿ ಇದ್ದದ್ದು ವಿಜಾಪುರ ಜಿಲ್ಲಾದ ಒಂದು ಹಳ್ಳ್ಯಾಗ. ಎರಿ ಹೊಲ, ಬಿಸಲು, ಬಾವ್ಯಾಗ ಸವಳ ನೀರು. ಹದಿನೈದು ದಿವಸಕ್ಕೊಮ್ಮೆ ಎರಕೊಳ್ಳೂದು. ಹಿಂದಿನ ದಿನ ರಾತ್ರಿ ಕೊಬ್ಬರಿ ಎಣ್ಣ್ಯಾಗ ಒಂದೀಟು ಔಡಲೆಣ್ಣಿ ಕೂಡಿಸಿ ಬುಡದಿಂದ ತುದಿ ತನಕ ಹಚ್ಚತಿದ್ಲು. ಮುಂಜಾನಿ ಸೀಗಿಕಾಯಿ, ಅಂಟವಾಳಕಾಯಿ, ನೆನಿಸಿದ ಮೆಂತ್ಯ ಕೂಡಿಸಿ ರುಬ್ಬಿದ್ದು. ಅದಾದ ಮ್ಯಾಲ ದಾಸವಾಳದ ಎಲಿ ಕಿವುಚಿದ ಲೋಳಿ. ಆ ಲೋಳಿ ತಲ್ಯಾಗ ಇದ್ದಾಗನ, ಕೂದಲ ಪೂರಾ ಒದ್ದಿ ಇದ್ದಾಗನ, ಬೆರಳಿಲೆ ಸಿಕ್ಕ ಬಿಡಿಸಾಕಿ. ಒಣಗಿದ ಮ್ಯಾಲ ಹಣಿಗಿ ಮುಟ್ಟತಿದ್ದಿಲ್ಲ. ಹಳೆ ಸೀರಿ ತುಂಡಿಲೆ ಒತ್ತಿ ಒತ್ತಿ ನೀರ ತಗದು, ಸಡ್ಲಗ ತುರುಬ ಕಟ್ಟಿಬಿಡ್ತಿದ್ಲು. ಅಕಿಗೆ ಅಕ್ಷರ ಬರ್ತಿದ್ದಿಲ್ಲ. ಆದ್ರ ಗುಂಗುರ ಕೂದಲಕ್ಕ ಏನ ಬೇಕು ಅನ್ನೂದು ಕೈಗೆ ಗೊತ್ತಿತ್ತು.

ಆಯಿ ಕೈಗೆ ಗೊತ್ತಿದ್ದದ್ದರ ಕಾರಣ ನಂಗ ತಿಳಿದದ್ದು ಮೊನ್ನೆ ಮೊನ್ನೆ. ನಮ್ಮ ತಲಿಯ ಚರ್ಮದಾಗ ಎಣ್ಣಿ ತಾನ ಹುಟ್ಟತೈತಿ. ನೆಟ್ಟಗಿನ ಕೂದಲದ ಮ್ಯಾಲ ಅದು ತುದಿ ತನಕ ಸಲೀಸ ಇಳೀತೈತಿ. ಗುಂಗುರ ಕೂದಲದಾಗ ತಿರುವಿನ್ಯಾಗ ತಿರುವ ಇರೂದರಿಂದ ಎಣ್ಣಿ ಬುಡದಾಗ ನಿಲ್ಲತೈತಿ, ತುದಿ ಒಣಾ ಒಣಾ ಉಳೀತೈತಿ. ಅದಕ್ಕ ಮ್ಯಾಲಿಂದ ಎಣ್ಣಿ ಬೇಕು. ಸೀಗಿಕಾಯಿ, ಅಂಟವಾಳದಾಗ ಇರೂದು ಸಪೋನಿನ್ ಅನ್ನೂ ನೊರಿ ಬರೂ ವಸ್ತು, ಕೊಳಿ ತಗೀತೈತಿ, ಇದ್ದ ಎಣ್ಣಿ ಎಲ್ಲಾ ಬಳದ ಒಯ್ಯೂದಿಲ್ಲ. ದಾಸವಾಳದ ಲೋಳಿ ಎಳಿ ಎಳಿಗೂ ಜಾರಿಕಿ ಕೊಡತೈತಿ. ಈಗ ಬಾಟಲಿ ಮ್ಯಾಲ ಕಂಡೀಷನರ್ ಅಂತ ಬರದಿರತಾರಲ್ಲ, ಆ ಕೆಲಸನ ಆಯಿ ಹಿತ್ತಲದ ಗಿಡದಿಂದ ಮಾಡಿಸ್ತಿದ್ಲು.

ಅವ್ವನ ಕಾಲಕ್ಕ ಸಬಕಾರ ಬಂತು. ಮನಿ ತುಂಬ ಮಂದಿ, ಹೊಲದ ಕೆಲಸ, ಸೀಗಿಕಾಯಿ ಕುಟ್ಟಿ ಜಾಡಿಸಿ ಕುಂದ್ರಾಕ ಪುರಸೊತ್ತ ಎಲ್ಲಿಂದ ಬರಬೇಕ್ರೀ? ಬಟ್ಟಿ ಒಗಿಯೂ ಸಬಕಾರನ ತಲಿಗೂ ತಿಕ್ಕಿ, ಎರಡು ತಂಬಿಗಿ ನೀರ ಸುರುವಿದ್ರ ಮುಗೀತು. ಆದ್ರ ಸವಳ ನೀರಿನ್ಯಾಗ ಸುಣ್ಣದ ಅಂಶ ಇರತೈತಿ. ಅದು ಸಬಕಾರದ ಕೂಡ ಸೇರಿದ್ರ ಕರಗದ ಜಿಗಟ ಆಗತೈತಿ. ಬಚ್ಚಲದಾಗ ಬಕೀಟಿನ ಸುತ್ತ ಬಿಳಿ ಪದರ ಕುಂದರತೈತಲ್ಲ, ಅದನ ಕೂದಲದ ಮ್ಯಾಲೂ ಕುಂದರತಿತ್ತು. ನನ್ನ ತಲಿ ಒಣಗಿದ ಮ್ಯಾಲ ಕಸಬರಗಿ ಆಗಿ ನಿಲ್ಲತಿತ್ತು. ಆಮ್ಯಾಲ ಅವ್ವ ಸಾಲಿಗೆ ಹೊತ್ತಾತು ಅಂತ ಒಣ ಕೂದಲಕ್ಕ ಹಣಿಗಿ ಹಾಕಿ ಜಗ್ಗತಿದ್ಲು, ನಾ ಅಳತಿದ್ದೆ. "ಕೂದಲನೂ ನಿನ್ನಂಗ ಹಟಮಾರಿ" ಅಂತ ಬೈಸಿಕೊಂಡ ದೊಡ್ಡಾಕಿ ಆದೆ.

ನಾ ವಿಜಾಪುರದಾಗ ಪಿಯುಸಿ ಓದೂ ಮುಂದ ಅಂಗಡ್ಯಾಗ ಶಾಂಪೂ ಪಾಕೀಟು ಸರಾ ಕಟ್ಟಿ ತೂಗ ಹಾಕಿರತಿದ್ರು. ಈ ಶಾಂಪೂ ಅನ್ನೂ ಮಾತು ಇಂಗ್ರೇಜಿ ಅಂತ ತಿಳಕೊಂಡಿದ್ದೆ. ಮೂಲ ನಮ್ಮ ದೇಶದ್ದ. ಹಿಂದಿಯೊಳಗ ಒತ್ತೂದು, ತಿಕ್ಕೂದು ಅನ್ನೂದಕ್ಕ ಚಾಂಪನಾ ಅಂತಾರ, ಚಂಪಿ ಅನ್ನೂದೂ ಅದ ಬಳಗದ್ದು. 1759ರಾಗ ಪಾಟ್ನಾದಾಗ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಅನ್ನೂವರು ಹಡಗ ಹತ್ತಿ ಹೋಗಿ, ಮೊದಲ ಐರ್ಲೆಂಡಿನ್ಯಾಗ, ಆಮ್ಯಾಲ ಇಂಗ್ಲೆಂಡಿನ್ಯಾಗ ನೆಲಿಸಿದ್ರು. ಸಮುದ್ರ ದಂಡಿ ಮ್ಯಾಲಿನ ಬ್ರೈಟನ್ ಊರಾಗ ಹಬಿ ಸ್ನಾನದ ಮನಿ ತಗದು ಮೈ ಒತ್ತತಿದ್ರು, ಅದಕ್ಕ ಶಾಂಪೂ ಅಂತಿದ್ರು. ಅಲ್ಲಿಯ ಇಬ್ಬರು ರಾಜರು, ನಾಲ್ಕನೇ ಜಾರ್ಜ್ ಮತ್ತು ನಾಲ್ಕನೇ ವಿಲಿಯಂ, ಇವರನ್ನ ತಮ್ಮ ಶಾಂಪೂ ವೈದ್ಯರು ಅಂತ ನೇಮಿಸಿಕೊಂಡಿದ್ರು. ಮೈ ಒತ್ತೂದರಿಂದ ಸರದು ಸರದು ಆ ಮಾತು ತಲಿ ತೊಳಿಯೂದಕ್ಕ ಬಂದು ನಿಂತದ್ದು ಆಮ್ಯಾಲ.

ಸಬಕಾರ ಅಲ್ಲದ ಶಾಂಪೂ ಬಂದದ್ದು 1934ರಾಗ, ಅಮೇರಿಕಾದಾಗ, ಡ್ರೀನ್ ಅನ್ನೂ ಹೆಸರಿಲೆ. ಅದರಾಗ ಇದ್ದದ್ದು ಡಿಟರ್ಜೆಂಟ್. ಸವಳ ನೀರಿನ್ಯಾಗೂ ಜಿಗಟ ಕಟ್ಟದ ನೊರಿ ಬರೂದು ಅದರ ಗುಣ. ನಮ್ಮ ಕಡೆ ಬಾಟಲಿ ಶಾಂಪೂ ಶ್ರೀಮಂತರ ಬಚ್ಚಲದಾಗ ಅಷ್ಟ ಇರತಿತ್ತು. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅನ್ನೂವರು ಅದನ್ನ ಸಣ್ಣ ಪಾಕೀಟಿನ್ಯಾಗ ತುಂಬಿ ಮಾರೂ ಯುಕ್ತಿ ತಗದ್ರು, ಅವರ ಮಕ್ಕಳು 1980ರ ದಶಕದಾಗ ಅದನ್ನ ಹಳ್ಳಿ ಹಳ್ಳಿಗೆ ಮುಟ್ಟಿಸಿದ್ರು. ನನ್ನಂಥ ಹುಡುಗ್ಯಾರ ಕೈಗೂ ಬಂತು. ಮೊದಲ ದಿನ ತೊಳಕೊಂಡಾಗ ತಲಿ ಹಗರ ಹಗರ ಅನ್ನಿಸಿ, ಇಷ್ಟ ವರ್ಷ ಎಲ್ಲಿ ಇತ್ತು ಇದು ಅನ್ನಿಸಿತ್ತು. ಜಿಗಟ ಹೋಗಿತ್ತು. ಅದರ ಕೂಡ ಇದ್ದ ನಾಲ್ಕು ಹನಿ ಎಣ್ಣಿನೂ ಹೋಗಿತ್ತು. ಒಣಗಿದ ಮ್ಯಾಲ ಕೂದಲ ಕಾಗಿ ಗೂಡಾತು. ತಪ್ಪ ಕೂದಲದ್ದ ಅಂತ ಮತ್ತ ಜಗ್ಗಿ ಜಗ್ಗಿ ಬಾಚಿ ಬಿಗಿ ಹೆರಳ ಹಾಕಿಕೊಂಡೆ.

1990ರಾಗ ಮದಿವಿಯಾಗಿ ಧಾರವಾಡಕ್ಕ ಬಂದೆ. ಜೂನ್ ಕಳದು ಜಿಟಿ ಜಿಟಿ ಮಳಿ ಹಿಡೀತು ನೋಡ್ರಿ, ನನ್ನ ತಲಿ ಒಂದಕ್ಕೆರಡ ಆತು. ವಿಜಾಪುರದ ಬಿಸಲಾಗ ಮುರುಟಿ ಕುಂದರತಿದ್ದ ಕೂದಲ ಇಲ್ಲಿ ಉಬ್ಬಿ ಉಂಗುರ ಉಂಗುರ ಆಗಿ ನಿಂತ್ವು. ನಮ್ಮತ್ತಿ, "ಮಳಿ ಬರೂದು ನಿನ್ನ ತಲಿ ನೋಡಿ ಹೇಳಬಹುದವಾ" ಅಂತ ನಗತಿದ್ರು. ಅವರು ಚಾಷ್ಟಿ ಮಾಡಿದ್ದು, ಆದ್ರ ಅದು ಖರೇನ ಮಾತು.

ಕೂದಲ ನೋಡಿ ಹವಾದಾಗಿನ ತೇವ ಅಳಿಯೂ ಯಂತ್ರ ಒಂದೈತಿ, ಹೈಗ್ರೋಮೀಟರ್ ಅಂತ. ಅದನ್ನ ಕೂದಲದಿಂದ ಕಟ್ಟಿದವರು ಸ್ವಿಟ್ಜರ್ಲೆಂಡಿನ ಜಿನೀವಾದ ಸೋಸ್ಯೂರ್ ಅನ್ನೂ ಪಂಡಿತರು. 1783ರಾಗ ಅದರ ಮ್ಯಾಲ ಒಂದು ದೊಡ್ಡ ಗ್ರಂಥನ ಬರದ್ರು. ಮನಷ್ಯಾರ ಕೂದಲ ತಗೊಂಡು, ಸೋಡಾ ಹಾಕಿದ ನೀರಿನ್ಯಾಗ ಕುದಿಸಿ ಎಣ್ಣಿ ಜಿಡ್ಡ ತಗದು, ಒಂದು ತುದಿ ಬಿಗದು ಇನ್ನೊಂದು ತುದಿಗೆ ಮುಳ್ಳ ತಿರುಗೂ ಹಂಗ ಜೋಡಿಸಿದ್ರು. ಹವಾ ಒಣಗಿದ್ರ ಕೂದಲ ಗಿಡ್ಡ ಆಗತೈತಿ, ತೇವ ಆದ್ರ ಉದ್ದ ಆಗತೈತಿ, ಮುಳ್ಳ ಸರೀತೈತಿ. ಪೂರಾ ಒಣ ಹವಾದಿಂದ ಪೂರಾ ತೇವದ ಹವಾಕ್ಕ ಬಂದ್ರ ಕೂದಲ ನೂರಕ್ಕ ಎರಡು ಎರಡೂವರಿಯಷ್ಟು ಉದ್ದ ಆಗತೈತಿ. ಮುಂದ ಎಷ್ಟೋ ಕಾಲ ಹವಾಮಾನ ಕಚೇರಿಗಳು ಇಂಥ ಕೂದಲದ ಯಂತ್ರ ಇಟ್ಟುಕೊಂಡ ತೇವ ಬರಕೊಂಡ್ವು. ನಾವು ಬೈದು ಕಟ್ಟಿ ಹಾಕೂ ಗುಣಾನ ಅವರು ಗಾಜಿನ ಪೆಟಗಿಯೊಳಗ ಜ್ವಾಕಿ ಮಾಡಿ ಇಟ್ಟಿದ್ರು.

ತೇವಕ್ಕ ಕೂದಲ ಯಾಕ ಹಿಂಗ ಮಾಡತೈತಿ? ಕೂದಲ ಅಂದ್ರ ಕೆರಾಟಿನ್ ಅನ್ನೂ ಪ್ರೋಟೀನಿನ ಎಳಿಗಳು. ಅವುಗಳ ನಡುವ ಎರಡು ನಮೂನಿ ಗಂಟ ಅದಾವು. ಒಂದು ಸಡ್ಲ ಗಂಟು, ನೀರ ಬಿದ್ರ ಬಿಚ್ಚತೈತಿ, ಒಣಗಿದ್ರ ಹೆಂಗಿತ್ತೋ ಹಂಗ ಮತ್ತ ಬೀಳತೈತಿ. ರಾತ್ರಿ ಒದ್ದಿ ಕೂದಲ ಹೆರಳ ಹಾಕಿ ಮುಂಜಾನಿ ಬಿಚ್ಚಿದ್ರ ಅಲಿ ಅಲಿ ಆಗಿರತಾವಲ್ಲ, ಅದು ಈ ಗಂಟಿನ ಆಟ. ಬಿಸಿ ಇಸ್ತ್ರಿ ಹಾಕಿ ನೆಟ್ಟಗ ಮಾಡಿದ್ದು ಮಳಿ ಹವಾಕ್ಕ ಮತ್ತ ಸುರುಳಿ ಸುತ್ತೂದೂ ಇದರಿಂದನ. ಇನ್ನೊಂದು ಗಟ್ಟಿ ಗಂಟು, ಗಂಧಕದ್ದು. ಕೂದಲ ಸುಟ್ಟರ ಬರೂ ನಾತದಾಗ ಆ ಗಂಧಕನೂ ಐತಿ. ಅದು ನೀರಿಗೆ ಬಿಚ್ಚೂದಿಲ್ಲ, ಔಷಧ ಹಾಕಿನ ಬಿಚ್ಚಬೇಕು.

ಈ ಗಟ್ಟಿ ಗಂಟಿಗೆ ಕೈ ಹಚ್ಚಿದವರಾಗ ಜರ್ಮನಿಯ ಕಾರ್ಲ್ ನೆಸ್ಲರ್ ಮೊದಲಿನವರು. ಅವರಿಗೆ ಬೇಕಾದದ್ದು ನೆಟ್ಟಗಿನ ಕೂದಲ ಗುಂಗುರ ಮಾಡೂದು! ಲಂಡನ್ನಿನ್ಯಾಗ 1905ರ ಸುಮಾರಿಗೆ ಜನರ ಮುಂದ ಮಾಡಿ ತೋರಿಸಿದ್ರು. ಕೂದಲಕ್ಕ ಔಷಧ ಹಚ್ಚಿ ಕಾದ ಹಿತ್ತಾಳಿ ಸುರುಳಿಗೆ ಸುತ್ತೂದು, ಭಾರ ತಲಿಗೆ ಬೀಳಬಾರದಂತ ಸುರುಳಿ ಎಲ್ಲಾ ಮ್ಯಾಲಿಂದ ತೂಗ ಹಾಕೂದು, ತಾಸಗಟ್ಟಲೆ ಕುಂದ್ರೂದು. ಅದಕ್ಕೂ ಮೊದಲ ಪ್ರಯೋಗ ಮಾಡಿದ್ದು ಹೆಂಡತಿ ಕ್ಯಾಥರಿನಾ ತಲಿ ಮ್ಯಾಲ. ಎರಡು ಸಲ ಅಕಿ ಕೂದಲ ಸುಟ್ಟು ಹೋದ್ವು, ನೆತ್ತಿನೂ ಸುಟ್ಟಿತು. ಅಲ್ಲಿ ಗುಂಗುರ ಬೇಕಂತ ಸುಟ್ಟರು, ಇಲ್ಲಿ ಗುಂಗುರ ಬ್ಯಾಡಂತ ಸುಟ್ಟವಿ. ಸುಟ್ಟವರೊಳಗ ನಾನೂ ಒಬ್ಬಾಕಿ.

2015ರಾಗ ಮಗಳನ್ನ ನೋಡಾಕ ಬರ್ತೀವಿ ಅಂತ ಒಂದು ಮನಿಯವರು ಹೇಳಿ ಕಳಿಸಿದ್ರು. ಓಣ್ಯಾಗಿನವರೊಬ್ಬರು, "ಹುಡುಗಿ ಲಕ್ಷಣ ಅದಾಳ, ಕೂದಲ ಒಂದು ನೆಟ್ಟಗ ಇದ್ದಿದ್ರ..." ಅಂದು ಅರ್ಧಕ್ಕ ಬಿಟ್ರು. ಆ ಅರ್ಧ ಮಾತು ನನ್ನ ತಲ್ಯಾಗ ಹೊಕ್ಕೊಂಡ್ತು. ಮಗಳು "ಬ್ಯಾಡವ್ವಾ" ಅಂದ್ರೂ ಕೇಳದ ಒಂದು ಪಾರ್ಲರಿಗೆ ಕರಕೊಂಡ ಹೋದೆ. ಔಷಧ ಹಚ್ಚಿದ್ರು, ಕೊಳತ ತತ್ತಿಯಂಥ ನಾತ. ಮ್ಯಾಲ ಬಿಸಿ ಪಟ್ಟಿ ಎಳದ್ರು. ಅಕಿ ಕನ್ನಡ್ಯಾಗ ನನ್ನ ನೋಡಿದ್ಲು, ನಾ ಮಾರಿ ತಿರುವಿದೆ. ನಾಲ್ಕು ದಿನ ರೇಷ್ಮಿ ಹಂಗ ಇದ್ವು. ಆಮ್ಯಾಲ ಹಣಿಗಿ ಆಡಿಸಿದ್ರ ತುಂಡ ತುಂಡ ಆಗಿ ಬರಾಕ ಹತ್ತಿದ್ವು. ನೋಡಾಕ ಬಂದವರು ಚಹಾ ಕುಡದು, ಉಪ್ಪಿಟ್ಟ ತಿಂದು ಹೋದ್ರು. ಕೂದಲದ ಸುದ್ದಿ ಯಾರೂ ತಗೀಲಿಲ್ಲ.

ಮುಂದಿನ ವರ್ಷ ಬ್ಯಾರೆ ಮನಿ ಕೂಡಿ ಬಂತು. ಆವಾಗ ಅಕಿ ಕೂದಲ ಭುಜದ ತನಕ ಕತ್ತರಿಸಿದ್ವು, ಬುಡದಾಗ ಗುಂಗುರ, ತುದ್ಯಾಗ ನೆಟ್ಟಗ. ಔಷಧ ಹೊರಗ ಬಂದ ಕೂದಲಕ್ಕ ಅಷ್ಟ ತಾಗತೈತಿ. ಕೂದಲ ಹುಟ್ಟೂ ಬೇರು ಚರ್ಮದೊಳಗ ಹೆಂಗ ಡೊಂಕ ಇರತೈತೋ, ಹೊಸಾ ಕೂದಲ ಹಂಗನ ಬರತೈತಿ. ಅಳಿಯಂದ್ರು ಇಂದಿನ ತನಕ ಅದರ ಬಗ್ಗೆ ಒಂದು ಮಾತ ಆಡಿಲ್ಲ.

ಈಗ ಮಗಳು ಮಾಡೂದು ನೋಡಿದ್ರ ನಂಗ ಆಯಿ ನೆನಪಾಗತಾಳ. ಎರಿಯೂ ಮುಂಚೆ ಕೊಬ್ಬರಿ ಎಣ್ಣಿ. ಇದಕ್ಕೂ ಪುರಾವೆ ಐತಿ, 2003ರಾಗ ಮುಂಬಯಿಯ ಇಬ್ಬರು ಸಂಶೋಧಕರು ಮೂರು ನಮೂನಿ ಎಣ್ಣಿ ಹಚ್ಚಿ ನೋಡಿದ್ರು. ಖನಿಜದ ಎಣ್ಣಿ ಮತ್ತ ಸೂರ್ಯಕಾಂತಿ ಎಣ್ಣಿಗಿಂತ ಕೊಬ್ಬರಿ ಎಣ್ಣಿ ಕೂದಲದ ಒಳಗ ಇಳದು, ತೊಳಿಯೂ ಮುಂದ ಪ್ರೋಟೀನ್ ಹೋಗೂದನ್ನ ಕಡಿಮಿ ಮಾಡತೈತಿ ಅಂತ ಕಂಡ್ರು. ಆಮ್ಯಾಲ ಸೌಮ್ಯ ಶಾಂಪೂ, ನೆತ್ತಿಗೆ ಅಷ್ಟ. ಕಂಡೀಷನರ್ ತುದಿಗೆ. ತೊಳದ ಕೂದಲದ ಮ್ಯಾಲ ಋಣ ವಿದ್ಯುತ್ತು ಇರತೈತಂತ, ಕಂಡೀಷನರಿನ್ಯಾಗ ಧನ ವಿದ್ಯುತ್ತಿನ ವಸ್ತು ಇರೂದಕ್ಕ ಅದು ಹೋಗಿ ಅಂಟಿಕೊಂಡು ಜಾರಿಕಿ ಕೊಡತೈತಿ. ಅದು ಇರೂ ಮುಂದನ ಬೆರಳಿಲೆ ಸಿಕ್ಕ ಬಿಡಿಸೂದು, ತುದಿಯಿಂದ ಸುರು ಮಾಡಿ ಬುಡಕ್ಕ ಹೋಗೂದು. ಮೆತ್ತನ ಹತ್ತಿ ಅರಬಿಲೆ ಒತ್ತೂದು, ಟಾವೆಲಿಲೆ ತಿಕ್ಕೂದಿಲ್ಲ. ಮಂಗಳೂರಿನ ತೇವ ಹವಾದಾಗ ಗ್ಲಿಸರಿನ್ ಇದ್ದದ್ದು ಕಡಿಮಿ ಹಚ್ಚತಾಳ, ಅದು ಹವಾದಾಗಿನ ನೀರ ಎಳಕೊಂಡು ಕೂದಲ ಇನ್ನೂ ಉಬ್ಬಸತೈತಿ ಅಂತ.

ಹಳೇದೆಲ್ಲಾ ಛಲೋ, ಹೊಸಾದೆಲ್ಲಾ ಕೆಟ್ಟ ಅಂತ ನಾ ಹೇಳಾಕ ಹೊಂಟಿಲ್ಲ. ಸೀಗಿಕಾಯಿ ಕಣ್ಣಾಗ ಬಿದ್ದಾಗಿನ ಉರಿ ನಿಮಗೂ ನೆನಪಿರಬೇಕು. ಅವ್ವಗ ಒಂದು ಬಾಟಲಿ ಕಂಡೀಷನರ್ ಸಿಕ್ಕಿದ್ರ ನಾ ಅಷ್ಟ ಅಳತಿದ್ದಿಲ್ಲೋ ಏನೋ. ಆದ್ರ ಆಯಿ ಕೂದಲದ ಕೂಡ ಜಗಳಾ ಮಾಡಲಿಲ್ಲ. ನಡುವ ನಾವು ಎರಡು ತಲಿಯವರು ಮಾಡಿದ್ವಿ, ಮಕ್ಕಳನ್ನ ಅಳಿಸಿದ್ವಿ.

ಆ ಭಾನುವಾರ ಎಣ್ಣಿ ಹಚ್ಚಿದ ಮ್ಯಾಲ ನಾ ಹಣಿಗಿ ಒಳಗಿಟ್ಟು ಬಂದು, "ನಂಗೂ ಕಲಿಸವಾ" ಅಂತ ಮಗಳಿಗೆ ಕೇಳಿದೆ. ಅಕಿ ಒಂದು ಗಳಿಗಿ ಸುಮ್ಮನ ನಿಂತು, ಬಚ್ಚಲದಾಗ ನನ್ನ ಕೈಯಾಗ ಮೊಮ್ಮಗಳ ಒಂದು ಒದ್ದಿ ಎಸಳ ಕೊಟ್ಲು. ತುದಿಯಿಂದ ಬಿಡಿಸಿದೆ. ಸಾವಕಾಶ. ಹುಡುಗಿ ಅಳಲಿಲ್ಲ. ಎರಡನೇ ಎಸಳಿಗೆ, "ಅಮ್ಮಮ್ಮಾ, ಮುಗೀತೇನು?" ಅಂತ ಅಷ್ಟ ಕೇಳಿದ್ಲು.

ನಿಮ್ಮ ಮನ್ಯಾಗ ಆಯಿ, ಅಮ್ಮ ಗುಂಗುರ ಕೂದಲಕ್ಕ ಏನ ಹಚ್ಚತಿದ್ರು? ನೆನಪಿದ್ರ ಹೇಳ್ರಿ, ಮೊಮ್ಮಗಳ ಸಲುವಾಗಿ ಬರದಿಟ್ಟುಕೊಳ್ಳತೀನಿ.