ವೃದ್ಧರ ಆರೋಗ್ಯವಿಮೆಯೂ ದಂತಚಿಕಿತ್ಸೆಯೂ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 65 ವರ್ಷ ತುಂಬಿದವರಿಗೆ ಸರ್ಕಾರವೇ ಆರೋಗ್ಯವಿಮೆಯನ್ನೊದಗಿಸುವ ‘ಮೆಡಿಕೇರ್’ ಶಾಸನಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು 1965ರ ಜುಲೈ 30ರಂದು ಅಂಕಿತ ಹಾಕಿದರು. ಆಸ್ಪತ್ರೆಯ ವೆಚ್ಚವನ್ನೂ ವೈದ್ಯರ ಶುಲ್ಕವನ್ನೂ ವಹಿಸಿಕೊಂಡ ಆ ಶಾಸನವು ಹಲ್ಲಿನ ಕುಳಿ ತುಂಬುವುದು, ಹಲ್ಲು ಕೀಳುವುದು, ಬದಲಿ ಹಲ್ಲು ಕೂಡಿಸುವುದು ಇವೆಲ್ಲವನ್ನೂ ಸ್ಪಷ್ಟವಾಗಿ ಹೊರಗಿಟ್ಟಿತು. ಮುಪ್ಪಿನಲ್ಲಿ ಬಹುವಾಗಿ ಬೇಕಾಗುವ ಈ ಚಿಕಿತ್ಸೆ ಮುಪ್ಪಿನವರ ವಿಮೆಯಿಂದಲೇ ಹೊರಗುಳಿದುದೇಕೆ?

ವೆಚ್ಚದ ಅಂಜಿಕೆಗಿಂತಲೂ ಹಳೆಯದಾದ ಕಾರಣವೊಂದನ್ನು ನಾವಿಲ್ಲಿ ಗಮನಿಸಬೇಕು. 1840ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸ್ಥಾಪಿತವಾದ ದಂತವೈದ್ಯ ಕಾಲೇಜು ವೈದ್ಯಶಾಲೆಗಳಿಂದ ಪ್ರತ್ಯೇಕವಾಗಿ ನಿಂತಿತು. ಕ್ರಮೇಣ ಬಾಯಿಯ ವೈದ್ಯವೂ ದೇಹದ ವೈದ್ಯವೂ ಎರಡು ವೃತ್ತಿಗಳಾದವು. ಶಾಸನವು ಆ ಎಲ್ಲೆಯನ್ನೇ ತನ್ನ ಎಲ್ಲೆಯನ್ನಾಗಿ ಮಾಡಿಕೊಂಡಿತೆಂದು ನಮಗೆ ತೋರುತ್ತದೆ.

ಈ ಎಲ್ಲೆಯನ್ನು ಅಳಿಸಲು 2021ರಲ್ಲಿ ಶಾಸನಸಭೆಯಲ್ಲಿ ನಡೆದ ಯತ್ನ ಫಲಿಸಲಿಲ್ಲ. 2023ರ ನಿಯಮವು ಅಂಗಕಸಿ, ಹೃದಯಕವಾಟದ ಶಸ್ತ್ರಚಿಕಿತ್ಸೆ ಇವುಗಳಿಗೆ ಮುನ್ನ ಬಾಯಿಯ ಸೋಂಕನ್ನು ನಿವಾರಿಸುವ ಚಿಕಿತ್ಸೆಗೆ ಹಣ ಸಲ್ಲಬಹುದೆಂದು ಸ್ಪಷ್ಟಪಡಿಸಿತು. ಹಲ್ಲಿನ ಕೇಡು ಹೃದಯವನ್ನು ಮುಟ್ಟಬಲ್ಲುದೆಂದು ಒಪ್ಪಿದ ಮೇಲೆ, ಅನ್ನವನ್ನು ಅಗಿಯಲಾರದ ವೃದ್ಧನಿಗೆ ಹಲ್ಲಿನ ಸಾಲನ್ನು ನಿರಾಕರಿಸಲು ಉಳಿದಿರುವ ಆಧಾರ ಹಣದ ಲೆಕ್ಕವೇ ಹೊರತು ವೈದ್ಯಶಾಸ್ತ್ರವಲ್ಲ.