ಸ್ಕಾಟನ ಕಾರ್ಖಾನೆಯೂ ಮಾವನ ಲಾರಿಯೂ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ ಇಷ್ಟನ್ನು ನೋಡಿ, ಹೊತ್ತು ಮಿಕ್ಕಿದರೆ ಸ್ಕಾಟನ ಬಂಗಲೆ ಎಲ್ಲಿ ಎಂದು ಕೇಳುತ್ತಾರೆ. ಆ ಬಂಗಲೆಗೊಂದು ಕಥೆಯುಂಟು. ಕರ್ನಲ್ ಸ್ಕಾಟ್ ಒಂದು ದಿನ ಮನೆಗೆ ಬರುವ ಹೊತ್ತಿಗೆ ಹೆಂಡತಿ ಮಕ್ಕಳು ಕಾಲರಾಕ್ಕೆ ತುತ್ತಾಗಿದ್ದರಂತೆ. ಆತ ಮಂಚ, ಕುರ್ಚಿಗಳನ್ನು ಇದ್ದ ಹಾಗೆಯೇ ಬಿಟ್ಟು ಹೊರಟುಹೋದನಂತೆ. ಮೈಸೂರು ಅರಸರು ಮನೆಯನ್ನು ಹಾಗೆಯೇ ಕಾಪಾಡಿದರಂತೆ. ಈ ಕಥೆಯ ಮೇಲೆ ಇಂಗ್ಲಿಷಿನಲ್ಲಿ ಪದ್ಯವೂ ಹುಟ್ಟಿತು. ನಮ್ಮ ಕಾಲೇಜಿನ ಹುಡುಗರಿಗೆ ನಾನು ಈ ಕಥೆಯನ್ನು ಹೇಳಿದಾಗಲೆಲ್ಲ ಅವರು ಕಿವಿಗೊಟ್ಟು ಕೇಳುತ್ತಾರೆ. ಆದರೆ ಆ ಕರ್ನಲ್ ಇಲ್ಲಿ ಮಾಡುತ್ತಿದ್ದ ಉದ್ಯೋಗವೇನು ಎಂದು ಇದುವರೆಗೆ ಒಬ್ಬನೂ ಕೇಳಿದ್ದಿಲ್ಲ.

ಸ್ಕಾಟ್ ತೋಪಿನ ಗಾಡಿಗಳ ಕಾರ್ಖಾನೆಯ ಮೇಲ್ವಿಚಾರಕನಾಗಿದ್ದ. 1799ರ ಮೇ 4ರಂದು ಪಟ್ಟಣ ಬಿದ್ದಾಗ ಇಂಗ್ಲಿಷರ ಕೈಗೆ ಸಿಕ್ಕ ತೋಪುಗಳು 929 ಎಂದು ಲೆಕ್ಕವಿದೆ. ಎರಕದ ತೋಪು ನೂರು ವರ್ಷ ಬಾಳುವ ವಸ್ತು. ಅದನ್ನು ಹೊರುವ ಮರದ ಗಾಡಿ ಹಾಗಲ್ಲ. ಒಂದೆರಡು ದಂಡಯಾತ್ರೆಗೆ ಅದರ ಕೀಲು ಸಡಲುತ್ತದೆ, ಅಚ್ಚು ಸವೆಯುತ್ತದೆ, ಗಾಲಿ ಬಿಚ್ಚಿಕೊಳ್ಳುತ್ತದೆ. ಅಂದಮೇಲೆ ಯುದ್ಧ ಗೆದ್ದವರಿಗೂ ಬಡಗಿ ಕಮ್ಮಾರರು ಬೇಕು. ಕಂಪನಿಯವರು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಈ ದ್ವೀಪದಲ್ಲಿ ಕಾರ್ಖಾನೆ ಹೂಡಿದರು. ಪಡುವಣ ಕಾಡುಗಳ ತೇಗ ಇಲ್ಲಿಗೆ ಬಲು ದೂರವಲ್ಲ. ಟಿಪ್ಪುವಿನ ಕಾಲದಲ್ಲಿ ಪಳಗಿದ ಕೈಗಳೂ ಈ ಊರಿನಲ್ಲಿದ್ದವು. ಎಳೆಯಲು ಅಮೃತಮಹಲಿನ ಎತ್ತುಗಳಿದ್ದವು. ಆಗ ಇಲ್ಲಿ ಸೇನಾಧಿಪತಿಯಾಗಿದ್ದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳನ್ನು ಓದಿದರೆ ಆತ ಶತ್ರುವಿಗಿಂತ ಎತ್ತು ಮತ್ತು ಗಾಡಿಗಳ ವಿಷಯಕ್ಕೇ ಹೆಚ್ಚು ತಲೆ ಕೆಡಿಸಿಕೊಂಡಿದ್ದನೇನೋ ಎನಿಸುತ್ತದೆ. 1803ರ ಮಾರ್ಚಿಯಲ್ಲಿ ಹರಿಹರದಿಂದ ಹೊರಟು ಅದೇ ಸೆಪ್ಟೆಂಬರಿನಲ್ಲಿ ಅಸ್ಸಾಯೆಯಲ್ಲಿ ಗೆದ್ದಾಗ ಆತನ ಬೆನ್ನಿಗಿದ್ದದ್ದು ಈ ಸೀಮೆಯ ದನ. ಮರುವರ್ಷ, 1804ರಲ್ಲಿ, ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ಆತನ ಅಣ್ಣನಾದ ಗವರ್ನರ್ ಜನರಲ್ಲನ ಹೆಸರಿಟ್ಟರು. 1830ರ ಸುಮಾರಿಗೆ ಕಾರ್ಖಾನೆ ಮದರಾಸಿಗೆ ಹೋಯಿತು. ಬಂಗಲೆಯ ಕಥೆ ಮಾತ್ರ ಇಲ್ಲಿ ಉಳಿಯಿತು.

ಮರದ ಗಾಲಿಯ ರಿಪೇರಿ ಎಂದರೆ ಏನೆಂದು ಇಂದಿನ ಪಟ್ಟಣವಾಸಿ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ನಡುವೆ ಗುಂಭ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಬಾಗಿದ ಮರದ ತುಂಡುಗಳು, ಎಲ್ಲವನ್ನೂ ಹಿಡಿದಿಡಲು ಹೊರಗೆ ಕಬ್ಬಿಣದ ಪಟ್ಟೆ. ಪಟ್ಟೆಯನ್ನು ಗಾಲಿಗಿಂತ ಒಂದಿಷ್ಟು ಕಿರಿದಾಗಿ ಮಾಡಿ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕುಳದಲ್ಲಿ ಎತ್ತಿ ತೊಡಿಸಿ, ಮರ ಸುಟ್ಟುಹೋಗುವ ಮೊದಲು ನೀರು ಹುಯ್ಯಬೇಕು. ತಣಿದ ಪಟ್ಟೆ ಕುಗ್ಗಿ ಗಾಲಿಯನ್ನು ಅವುಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಸೊರಗಿದಾಗ ಪಟ್ಟೆ ಮತ್ತೆ ಸಡಿಲ. ಗಾಡಿಯವರು ಹೊಳೆ ದಾಟುವಾಗ ಬೇಕೆಂದೇ ನೀರಿನಲ್ಲಿ ಗಾಡಿ ನಿಲ್ಲಿಸಿ ಗಾಲಿಗಳನ್ನು ನೆನೆಸುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಕೂಲಿಯಿಲ್ಲದ ರಿಪೇರಿ ಅದೊಂದೇ.

ಕಾರ್ಖಾನೆಯ ಕೆಲಸಗಾರರ ವಂಶವೇ ಮುಂದೆ ಲಾರಿ ಮೆಕ್ಯಾನಿಕರಾಯಿತು ಎಂದು ನಾನು ಹೇಳಲು ಹೊರಟಿಲ್ಲ. ಅಂಥ ವಂಶವೃಕ್ಷಗಳನ್ನು ಬರೆಯುವ ಉತ್ಸಾಹ ನಮ್ಮಲ್ಲಿ ಹೆಚ್ಚು; ಅದು ಇತಿಹಾಸವಲ್ಲ. ವಂಶ ಬೇರೆ, ಕೆಲಸ ಬೇರೆ. ಕೆಲಸ ಈ ನೆಲದಲ್ಲಿ ನಿಂತಿತು. 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕಾಮಗಾರಿ ಪ್ರಾರಂಭವಾಯಿತು, ನಾಲೆ ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, ಕಬ್ಬಿನ ಗಾಡಿಗಳು ಸಾಲುಗಟ್ಟಿದವು. ತೋಪು ಹೊತ್ತ ದಾರಿಯಲ್ಲಿ ಕಬ್ಬು ಬಂತು. ಊರೂರಿನ ಕುಲುಮೆಗೂ ಬಡಗಿಯ ಮನೆಗೂ ಕೈತುಂಬ ಕೆಲಸ.

ಲಾರಿಯ ವಿಚಾರ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬೆನ್ನ ಮೇಲೆ ಇದ್ದಿಲ ಒಲೆ ಹೊತ್ತ ಮೋಟಾರುಗಳು ಓಡಿದ್ದನ್ನು ಹಿರಿಯರು ಹೇಳುತ್ತಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿ ಲಾರಿಗಳು ಹರಾಜಿಗೆ ಬಂದವು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪನಿಯೊಡನೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿದ್ದ ನಕ್ಷತ್ರ ಹೋಗಿ ಟಾಟಾದ ಅಕ್ಷರ ಬಂತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದಲ್ಲಿ ಕಾರ್ಖಾನೆಯಿಂದ ಲಾರಿ ಇಡಿಯಾಗಿ ಬರುತ್ತಿರಲಿಲ್ಲ. ಎಂಜಿನ್, ಗಾಲಿ, ಚಾಸಿ ಇಷ್ಟೇ ಬರುತ್ತಿತ್ತು. ಡ್ರೈವರು ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಬಯಲಿನಲ್ಲಿ ಕುಳಿತಂತೆ ಕುಳಿತು ಅದನ್ನು ಓಡಿಸಿಕೊಂಡು ಬರುತ್ತಿದ್ದ. ಬಾಡಿ ಕಟ್ಟುತ್ತಿದ್ದವರು ನಮ್ಮ ಬಡಗಿಗಳು, ನಮ್ಮ ಕಮ್ಮಾರರು. ಗಾಡಿಗೆ ಹಲಗೆ ಜೋಡಿಸುತ್ತಿದ್ದ ಕೈ ಲಾರಿಗೆ ಜೋಡಿಸಿತು. ಹೊಸ ಲಾರಿ ಬೇಕೆಂದರೆ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ, ಇದ್ದದ್ದನ್ನೇ ಬಾಳಿಸುವುದು ವಿದ್ಯೆಯಾಯಿತು.

ನನ್ನ ಸೋದರಮಾವ ಪಾಂಡವಪುರದ ಕಡೆಯ ಹಳ್ಳಿಯವರು. 1988ರಲ್ಲಿ ಒಂಬತ್ತು ವರ್ಷದ ಹಳೆಯ ಟಾಟಾ ಲಾರಿಯೊಂದನ್ನು ಕೊಂಡರು. ಬೇಸಿಗೆ ರಜಕ್ಕೆ ಹೋದ ನನಗೆ ಹೊಂಗೆಮರದ ಕೆಳಗೆ ಮಲಗಿದ ಲಾರಿಯೂ, ಲಾರಿಯ ಕೆಳಗೆ ಮಲಗಿದ ಮಾವನೂ ನಿತ್ಯದ ನೋಟ. "ಹದಿನೇಳ್ರುದು ಸ್ಪ್ಯಾನರ್ ಕೊಡ್ಲಾ" ಎಂದು ಕಾಲುಗಳೆರಡು ಮಾತನಾಡುತ್ತಿದ್ದವು. ಡೀಸೆಲ್ ಬರಿದಾಗಿ ನಿಂತ ಎಂಜಿನ್ ಮತ್ತೆ ಡೀಸೆಲ್ ಹಾಕಿದ ಮಾತ್ರಕ್ಕೆ ಏಕೆ ಹೊರಡದು ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿನ ತಿರುಪು ಸಡಲಿಸಿ, ಕೈಪಂಪು ಒತ್ತುತ್ತ ಇದ್ದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್ ಬರುತ್ತದೆ. ಆಗ ತಿರುಪು ಬಿಗಿಯಬೇಕು. ಬಿಗಿಯುವ ಕೆಲಸ ನನ್ನದು.

ಕಬ್ಬು ಹೇರಿ ಹೇರಿ ಹಿಂದಿನ ಬ್ಲೇಡುಗಳು ಕುಸಿದಾಗ ಮಾವ ಅವನ್ನು ಬಿಚ್ಚಿ ಆಚಾರ್ರ ಕುಲುಮೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಆಚಾರ್ರು ಚಿಕ್ಕಂದಿನಲ್ಲಿ ತಂದೆಯೊಡನೆ ಗಾಡಿಯ ಗಾಲಿಗೆ ಪಟ್ಟೆ ತೊಡಿಸಿದವರು. ಅದೇ ತಿದಿ, ಅದೇ ಅಡಿಗಲ್ಲು. ಬ್ಲೇಡನ್ನು ಕಾಯಿಸಿ, ಬಾಗು ಬರುವಂತೆ ಬಡಿದು, ಸುಟ್ಟ ಎಂಜಿನ್ ಆಯಿಲಿನಲ್ಲಿ ಅದ್ದುವರು. ನೀರಿನಲ್ಲಿ ಏಕೆ ಅದ್ದುವುದಿಲ್ಲವೆಂದು ಕೇಳಿದೆ. "ಗಾಲಿ ಪಟ್ಟೆ ಮೆತ್ತಗಿನ ಕಬ್ಬಿಣ, ಸ್ವಾಮಿ. ಇದು ಉಕ್ಕು. ನೀರಿಗೆ ಹಾಕಿದ್ರೆ ಮುನಿಸ್ಕಂಡು ಒಡೆದೋಯ್ತದೆ" ಎಂದರು. ಎಂಟು ವರ್ಷದ ಹುಡುಗನಿಗೆ ಸ್ವಾಮಿ ಎಂದವರು ಅವರೊಬ್ಬರೇ.

ಭಾಷೆ ಓದಿಸುವವನಿಗೆ ಪದಗಳನ್ನು ಕೆದಕುವ ಚಟ. ಬ್ಲೇಡಿನ ಕಣ್ಣಿಗೆ ಹಾಕುವ ಬುಷ್ಷನ್ನು ಮಾವ "ಗನ್‌ಮೆಟ್ಲು" ಎನ್ನುತ್ತಿದ್ದರು. ಅದು ತಾಮ್ರಕ್ಕೆ ತವರ, ಒಂದಿಷ್ಟು ಸತು ಬೆರೆತ ಲೋಹ; ಒಂದು ಕಾಲಕ್ಕೆ ತೋಪು ಎರೆಯುತ್ತಿದ್ದದ್ದು ಈ ಜಾತಿಯ ಲೋಹದಿಂದ. ಆದ್ದರಿಂದಲೇ ಆ ಹೆಸರು. ತೋಪುಗಳ ಊರಿನಿಂದ ತೋಪು ಮಾಯವಾಗಿ, ಅದರ ಹೆಸರು ಲಾರಿಯ ಅಡಿಯಲ್ಲಿ ಗ್ರೀಸ್ ಮೆತ್ತಿಕೊಂಡು ಉಳಿದಿತ್ತು. ಇನ್ನು ಸ್ಟೆಪ್ನಿ. ವೇಲ್ಸ್ ದೇಶದ ಲ್ಯಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಇಬ್ಬರು ಅಣ್ಣತಮ್ಮಂದಿರು ಬಿಡಿ ಗಾಲಿಯ ವ್ಯಾಪಾರ ಹೂಡಿದರು. ಅವರ ಬೀದಿಯ ಹೆಸರು ನಮ್ಮ ಹಳ್ಳಿಯ ಹುಡುಗರ ಬಾಯಲ್ಲಿದೆ.

ಮನೆಯ ರಿಪೇರಿಯನ್ನು ಹೊಗಳಿ ಮುಗಿಸಿದರೆ ಸುಳ್ಳಾದೀತು. ಡೀಸೆಲ್ ಪಂಪು ಕೆಟ್ಟರೆ ಹೊಂಗೆಮರದ ಕೆಳಗೆ ನಡೆಯುವಂಥದ್ದೇನೂ ಇರಲಿಲ್ಲ, ಮೈಸೂರಿಗೆ ಒಯ್ಯಲೇಬೇಕು. ಒಮ್ಮೆ ಜಾಕಿ ಜಾರಿ ಮಾವನ ಎಡಗೈಯ ಕಿರುಬೆರಳು ಹೋಯಿತು. ಸವೆದ ಬ್ರೇಕ್ ಲೈನರಿನಲ್ಲಿ ಇನ್ನೊಂದು ಹಂಗಾಮು ತೆಗೆಯೋಣವೆಂದು ಓಡಿಸಿ, ಇಳಿಜಾರಿನಲ್ಲಿ ನಿಲ್ಲದೆ ಗದ್ದೆಗಿಳಿದದ್ದೂ ಉಂಟು. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ದೈವಕೃಪೆ, ರಿಪೇರಿಯ ಮಹಿಮೆಯಲ್ಲ. ಹೊಗೆಯ ಮಾತಂತೂ ಬೇಡ. ಲಾರಿ ಹೊರಟರೆ ಅತ್ತೆ ಒಣಗಹಾಕಿದ ಸೀರೆ ಎತ್ತಿಕೊಳ್ಳುತ್ತಿದ್ದರು. ಆದ್ದರಿಂದ 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸುವ ನೀತಿಯನ್ನು ಪ್ರಕಟಿಸಿದಾಗ, ಅದು ತಪ್ಪೆಂದು ವಾದಿಸುವುದು ನನ್ನಿಂದಾಗಲಿಲ್ಲ. ಹದಿನೈದು ವರ್ಷ ಮೀರಿದ ಲಾರಿಗಳ ಎಫ್.ಸಿ.ಯ ಶುಲ್ಕ ಮರುವರ್ಷ ಬಹಳವಾಗಿ ಏರಿತು. ಮಾವನಿಗೆ ಎಪ್ಪತ್ತಾರು ತುಂಬಿತ್ತು. ಮಗ ಮಾರಿಬಿಡೋಣವೆಂದ. ಕೊಳ್ಳುವವರು ಬರಲಿಲ್ಲ, ಗುಜರಿಯವನು ಬಂದ.

2023ರ ಜನವರಿಯಲ್ಲಿ, ಕಾಗದಪತ್ರ ನೋಡಲು ಓದಿದವನೊಬ್ಬ ಇರಲೆಂದು ನನ್ನನ್ನು ಕರೆಸಿದರು. ಗುಜರಿಯವನು ಕೇಳಿದ್ದು ಆರ್.ಸಿ. ಪುಸ್ತಕವೊಂದನ್ನೇ. ಅದನ್ನು ಹುಡುಕುವಾಗ ಟ್ರಂಕಿನಲ್ಲಿ ರಟ್ಟು ಕಟ್ಟಿದ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಕೊಂಡ ದಿನದಿಂದ ಆ ಲಾರಿಗೆ ಮಾಡಿದ ಒಂದೊಂದು ರಿಪೇರಿಯನ್ನೂ ಮಾವ ತಾರೀಖು ಹಾಕಿ ಬರೆದಿದ್ದರು. ಯಾವ ಬ್ಲೇಡು, ಎಷ್ಟನೆಯದು, ಆಚಾರ್ರಿಗೆ ಕೊಟ್ಟದ್ದೆಷ್ಟು, ಬಾಕಿ ಎಷ್ಟು. ಸ್ಕಾಟನ ಕಾರ್ಖಾನೆಯ ಬಗ್ಗೆ ಕಂಪನಿಯ ಅಧಿಕಾರಿಗಳು ಬರೆದದ್ದನ್ನು ಓದಿದ್ದೇನೆ; ಅಲ್ಲಿ ಸುತ್ತಿಗೆ ಹಿಡಿದ ಒಬ್ಬನ ಕೈಬರಹವನ್ನೂ ನಾನು ಕಂಡಿಲ್ಲ. ಇಲ್ಲಿ ಅಂಥವರೊಬ್ಬರ ಮೂವತ್ತೈದು ವರ್ಷದ ಕೈಬರಹ ಮೊಣಕಾಲ ಮೇಲಿತ್ತು. ತೆಗೆದುಕೊಳ್ಳಲೇ ಎಂದು ಕೇಳಿದೆ. "ಅದ್ಯಾತಕ್ಕಪ್ಪಾ? ಬರೀ ಖರ್ಚಿನ್ ಲೆಕ್ಕ ಅದು" ಎಂದರು ಮಾವ; ಬೇಡವೆನ್ನಲಿಲ್ಲ.

ಪುಸ್ತಕ ಈಗ ನನ್ನ ಮನೆಯಲ್ಲಿದೆ. ಕೊನೆಯ ಬರಹದ ತಾರೀಖು ಗುಜರಿಯವನು ಬಂದ ದಿನದ ಹಿಂದಿನದು. ಖರ್ಚಿನ ಅಂಕಣದಲ್ಲಿ ಸೊನ್ನೆ. ಎದುರಿಗೆ: "ಸಂಜೆ ಎಲ್ಲಾ ಕಡೆ ಗ್ರೀಸ್ ಹೊಡೆದದ್ದು. ಮುಂದಿನ ಎಡಗಾಲಿ ಕಿಂಗ್ ಪಿನ್ ಸ್ವಲ್ಪ ಆಟ ಇದೆ, ನೋಡಬೇಕು."