ಆಕಾಶದಿಂದ ಬಂದದ್ದು, ತಂತಿಯಲ್ಲಿ ಬಂದದ್ದು

ಭಾಗವತದ ಕಥೆಯಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿ ಹೇಳಬೇಕಾದುದನ್ನು ಹೇಳಿ ಸುಮ್ಮನಾಯಿತು. ಕಂಸನ ಉತ್ತರಕ್ಕೆ ಕಾಯಲಿಲ್ಲ. ಆಕಾಶದ ಮಾತಿನ ಸ್ವಭಾವವೇ ಅಂಥದು. ಈ ಮೈಕಿನ ಮುಂದೆ ಕುಳಿತಿರುವ ನನ್ನ ಸ್ಥಿತಿಯೂ ಬೇರೆಯಲ್ಲ. ನೀವು ತಲೆದೂಗುತ್ತಿದ್ದೀರೋ ಆಕಳಿಸುತ್ತಿದ್ದೀರೋ ನನಗೆ ತಿಳಿಯುವ ಬಗೆಯಿಲ್ಲ. ನಾನು ಇಂದು ಹೇಳಹೊರಟಿರುವುದು, ಹೀಗೆ ಕೇಳುವುದನ್ನಷ್ಟೇ ಬಲ್ಲ ಒಂದು ಪೆಟ್ಟಿಗೆಗೆ ಬಾಯಿ ಬಂದ ಕಥೆಯನ್ನು. ಉಪಗ್ರಹದಿಂದ ಚಿತ್ರವನ್ನು ಪಡೆಯುತ್ತಿದ್ದ ಟೆಲಿವಿಷನ್ ಪೆಟ್ಟಿಗೆಯೊಳಗೆ ಅಂತರ್ಜಾಲದ ಸ್ಟ್ರೀಮಿಂಗ್ ಆ್ಯಪ್‌ಗಳು ಬಂದು ನೆಲೆಸಿದ್ದು ಹೇಗೆ, ಅದರಿಂದ ಆದದ್ದೇನು ಎಂಬುದೇ ವಿಷಯ.

ಕಥೆಯ ಮೊದಲ ಅಧ್ಯಾಯಕ್ಕೆ ನಾನೇ ಸಾಕ್ಷಿ. ಭೂಸ್ಥಿರ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು ಆರ್ಥರ್ ಕ್ಲಾರ್ಕ್ 1945ರಲ್ಲಿಯೇ ಬರೆದಿದ್ದ. ವಿಕ್ರಮ ಸಾರಾಭಾಯಿಯವರ ಕನಸಿನ ಫಲವಾಗಿ 1969ರಲ್ಲಿ ಭಾರತಕ್ಕೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಫಲ ಕೈಗೂಡುವ ಮೊದಲೇ, 1971ರಲ್ಲಿ, ಸಾರಾಭಾಯಿ ತೀರಿಕೊಂಡರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹ ನಮ್ಮ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಚಿತ್ರಗಳನ್ನು ಇಳಿಸಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳು. ನಾನಾಗ ರಾಯಚೂರು ಜಿಲ್ಲೆಯ ಅಂಥದೊಂದು ಹಳ್ಳಿಯಲ್ಲಿ ಐದನೆಯ ತರಗತಿಯ ಹುಡುಗ.

ಕೋಳಿಗೂಡಿಗೆ ಬಳಸುವಂಥ ಬಲೆತಂತಿಯಿಂದ ಮಾಡಿದ, ಹತ್ತು ಅಡಿ ಅಗಲದ ಬುಟ್ಟಿಯೊಂದನ್ನು ಶಾಲೆಯ ಬಳಿ ಮುಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ನನ್ನ ಅಜ್ಜಿ ಅದನ್ನು ಸುತ್ತುಹಾಕಿ ನೋಡಿ, “ಇಷ್ಟು ತೂತು ಇದ್ದರೆ ಹಿಡಿದದ್ದು ನಿಲ್ಲುತ್ತದೇನೋ?” ಎಂದು ಕೇಳಿದ್ದಳು. ಅಜ್ಜಿಯ ಪ್ರಶ್ನೆಗೆ ಉತ್ತರ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ಉಪಗ್ರಹದ ಅಲೆಯ ಉದ್ದ ಸುಮಾರು ಮೂವತ್ತೈದು ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಬೆರಳು ತೂರುವ ಕಿಂಡಿಗಳು ಕಿಂಡಿಗಳೇ ಅಲ್ಲ, ಅದಕ್ಕೆ ಬಲೆಯೂ ಗೋಡೆಯೂ ಒಂದೇ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳ ಪಾಠ, ಸಂಜೆ ಎರಡೂವರೆ ಗಂಟೆ ಬೇಸಾಯ, ಆರೋಗ್ಯ, ಕುಣಿತ, ಸುದ್ದಿ. ಸಂಜೆಯಾಗುತ್ತಲೇ ಊರಿಗೆ ಊರೇ ಒಂದು ಪರದೆಯ ಮುಂದೆ ಕೂಡುತ್ತಿತ್ತು. ಎಲ್ಲರೂ ಒಂದನ್ನೇ, ಒಂದೇ ಹೊತ್ತಿನಲ್ಲಿ ನೋಡುತ್ತಿದ್ದೆವು. ನೋಡಿದ್ದರ ಬಗೆಗಿನ ಜಗಳ ಮರುದಿನದ ಹೊಲದವರೆಗೂ ಸಾಗುತ್ತಿತ್ತು.

ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ನಾನು ಹಾಡಿಹೊಗಳುತ್ತಿಲ್ಲ. ಅದು ತುರ್ತುಪರಿಸ್ಥಿತಿಯ ಕಾಲವೂ ಹೌದು. ಮೇಲಿನಿಂದ ಇಳಿದುಬರುವ ಮಾತಿಗೆ ಎದುರಾಡುವ ದಾರಿ ಪೆಟ್ಟಿಗೆಗೂ ಇರಲಿಲ್ಲ, ಊರಿಗೂ ಇರಲಿಲ್ಲ. ಏನನ್ನು ನೋಡಬೇಕೆಂದು ನಿರ್ಧರಿಸುವವರು ಬೇರೆಲ್ಲೋ ಇದ್ದರು. ಆದರೂ ಉಪಗ್ರಹದ ಅರ್ಥಶಾಸ್ತ್ರದಲ್ಲಿ ಒಂದು ಔದಾರ್ಯವಿತ್ತು. ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಿಂದ ಚೆಲ್ಲಿದ ಚಿತ್ರವನ್ನು ಒಬ್ಬ ಹಿಡಿದರೂ ಕೋಟಿ ಜನ ಹಿಡಿದರೂ ಚೆಲ್ಲುವವನ ಖರ್ಚು ಅಷ್ಟೆ. ಮಳೆಯ ಹಾಗೆ ಅದು ಹೊಲದ ಒಡೆಯನ ಹೆಸರನ್ನು ಕೇಳುವುದಿಲ್ಲ.

ಮುಂದೆ ಅಲೆಗಳು ಕಿರಿದಾದವು, ಉಪಗ್ರಹಗಳ ಶಕ್ತಿ ಹೆಚ್ಚಿತು, ಬುಟ್ಟಿಯೂ ಚಿಕ್ಕದಾಗಿ ಮಾಳಿಗೆಯ ಮೇಲೇರಿತು. ಬ್ರಿಟನ್ನಿನಲ್ಲಿ ಸ್ಕೈ ಸಂಸ್ಥೆ 1989ರಲ್ಲಿ ಮನೆಮನೆಗೆ ಉಪಗ್ರಹ ಪ್ರಸಾರವನ್ನು ತಂದಿತು; 1998ರಲ್ಲಿ ಅದನ್ನು ಡಿಜಿಟಲ್ ರೂಪಕ್ಕೆ ತಿರುಗಿಸಿತು. ಆಗ ಕೊಟ್ಟ ಹೊಸ ಪೆಟ್ಟಿಗೆಯಲ್ಲಿ ಒಂದು ವಿಶೇಷವಿತ್ತು. ಅದರ ಬೆನ್ನಿನಿಂದ ಹೊರಟ ಒಂದು ತಂತಿಯನ್ನು ಮನೆಯ ಟೆಲಿಫೋನಿಗೆ ಸೇರಿಸಬೇಕಿತ್ತು. ಬೇಕಾದ ಸಿನಿಮಾಕ್ಕೆ ಬೇಡಿಕೆ ಸಲ್ಲಿಸಲು ಪೆಟ್ಟಿಗೆ ಆ ತಂತಿಯ ಮೂಲಕ ಸಂಸ್ಥೆಗೆ ಫೋನು ಮಾಡುತ್ತಿತ್ತು. ಚಿತ್ರ ಬರುವುದು ಆಕಾಶದಿಂದ, ಬೇಡಿಕೆ ಹೋಗುವುದು ನೆಲದಿಂದ. ಪೆಟ್ಟಿಗೆಯ ಮೊದಲ ತೊದಲು ಮಾತು ಇದೆಂದು ನನ್ನ ಅಭಿಪ್ರಾಯ.

ನಿಜವಾದ ಮಾತು ಕಲಿಸಿದ್ದು ಅಂತರ್ಜಾಲ. 2007ರಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಆರಂಭಿಸಿತು. ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬಿಬಿಸಿಯ ಐಪ್ಲೇಯರ್ ಬಂತು. ಉಪಗ್ರಹದ ರೀತಿಗೂ ಇದರ ರೀತಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಇಲ್ಲಿ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ನೋಡುಗನ ಯಂತ್ರ ತನ್ನ ತಂತಿಯ ಶಕ್ತಿಯನ್ನು ಅಳೆದುಕೊಂಡು, ಮುಂದಿನ ತುಂಡನ್ನು ಕೊಡು ಎಂದು ಒಂದೊಂದಾಗಿ ಕೇಳಿ ಪಡೆಯುತ್ತದೆ. ಕೇಳದಿದ್ದರೆ ಏನೂ ಬಾರದು. ಕೇಳುವವನು ಯಾರು, ಎಲ್ಲಿ ನಿಲ್ಲಿಸಿದ, ಯಾವುದನ್ನು ಬಿಟ್ಟ ಎಂಬುದೆಲ್ಲ ದಾಖಲಾಗುತ್ತದೆ. ಅಲ್ಲದೆ ಸಾವಿರ ಜನ ನೋಡಿದರೆ ಸಾವಿರ ಪ್ರವಾಹಗಳನ್ನು ಕಳಿಸಬೇಕು. ನೋಡುವವರು ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಅದು ಮಳೆಯಾದರೆ ಇದು ಕೊಳಾಯಿ.

ಈ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವುದು ಸುಲಭವಾಗಿರಲಿಲ್ಲ. ಹಳೆಯ ಪೆಟ್ಟಿಗೆಗಳಿಗೆ ಚಿತ್ರವನ್ನು ಹೆಕ್ಕಿ ತೆಗೆದು, ಬೀಗ ಬಿಚ್ಚಿ ತೋರಿಸುವಷ್ಟೇ ಬುದ್ಧಿಯಿತ್ತು. ಆ್ಯಪ್ ಎಂಬ ಹೊರೆಯನ್ನು ಹೊರುವ ಸ್ಮರಣಶಕ್ತಿ ಇರಲಿಲ್ಲ. ಯೂರೋಪಿನ ತಂತ್ರಜ್ಞರು 2010ರಲ್ಲಿ ಎಚ್‌ಬಿಬಿಟಿವಿ ಎಂಬ ಪ್ರಮಾಣವನ್ನು ರೂಪಿಸಿ, ಪ್ರಸಾರದ ಚಿತ್ರದ ಜೊತೆಗೇ ರಿಮೋಟಿನ ಕೆಂಪು ಗುಂಡಿಯಿಂದ ಅಂತರ್ಜಾಲದ ಕಾರ್ಯಕ್ರಮಗಳನ್ನು ತೆರೆಯುವ ದಾರಿ ಮಾಡಿದರು. ಆದರೆ ಯಂತ್ರದ ತೊಡಕಿಗಿಂತ ಮನಸ್ಸಿನ ತೊಡಕು ದೊಡ್ಡದು. ವರ್ಗಣಿಯ ಮೇಲೆ ಬದುಕುವ ಉಪಗ್ರಹ ಸಂಸ್ಥೆ ತನ್ನ ಗಿರಾಕಿಗಳನ್ನು ಸೆಳೆಯಬಲ್ಲ ಪ್ರತಿಸ್ಪರ್ಧಿಗೆ ತಾನೇ ಏಕೆ ಜಗಲಿಯಲ್ಲಿ ಜಾಗ ಕೊಡಬೇಕು? ಕೊಡದಿದ್ದರೆ ಗಿರಾಕಿ ಟೆಲಿವಿಷನ್ನಿಗೆ ಮತ್ತೊಂದು ಯಂತ್ರವನ್ನು ಚುಚ್ಚಿ, ಈ ಪೆಟ್ಟಿಗೆಯನ್ನೇ ಮರೆಯುವನು. ಈ ಭಯವೇ ಕೊನೆಗೆ ಬಾಗಿಲು ತೆರೆಸಿತೆಂದು ತೋರುತ್ತದೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ಡಿಶ್ ನೆಟ್‌ವರ್ಕ್ ತನ್ನ ‘ಹಾಪರ್’ ಪೆಟ್ಟಿಗೆಯಲ್ಲಿ ನೆಟ್‌ಫ್ಲಿಕ್ಸಿಗೆ ಎಡೆ ಕೊಟ್ಟಿತು. 2018ರಲ್ಲಿ ಬ್ರಿಟನ್ನಿನ ಸ್ಕೈ ಸಂಸ್ಥೆಯೂ ತನ್ನ ‘ಸ್ಕೈ ಕ್ಯೂ’ ಪೆಟ್ಟಿಗೆಯಲ್ಲಿ ಅದನ್ನೇ ಮಾಡಿತು. ಮೂರೇ ವರ್ಷ ಕಳೆದು, 2021ರಲ್ಲಿ, ಅದೇ ಸ್ಕೈ ಸಂಸ್ಥೆ ಮಾಳಿಗೆಯ ಬುಟ್ಟಿಯೇ ಬೇಡದ, ಎಲ್ಲವನ್ನೂ ಅಂತರ್ಜಾಲದಿಂದಲೇ ಪಡೆಯುವ ಟೆಲಿವಿಷನ್ನನ್ನು ಮಾರುಕಟ್ಟೆಗೆ ತಂದಿತು. ಅತಿಥಿಯಾಗಿ ಬಂದವನಿಗೆ ಯಜಮಾನನೇ ಮನೆ ಬಿಟ್ಟುಕೊಟ್ಟಂತಾಯಿತು.

ನಮ್ಮ ದೇಶದ ಕಥೆಯ ದಾರಿ ಬೇರೆಯಾದರೂ ಸೇರಿದ್ದು ಅಲ್ಲಿಗೇ. ವಿದೇಶಿ ಒಡೆತನದ ಪ್ರಸಾರದ ಅಂಜಿಕೆಯಿಂದ 1997ರಲ್ಲಿ ಸರಕಾರ ಮನೆಗೆ ನೇರ ಉಪಗ್ರಹ ಪ್ರಸಾರವನ್ನೇ ತಡೆಯಿತು. 2000ದ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2003ರಲ್ಲಿ ಡಿಶ್ ಟಿವಿ ಬಂತು. 2004ರ ಡಿಸೆಂಬರಿನಲ್ಲಿ ತಿಂಗಳ ಶುಲ್ಕವಿಲ್ಲದ ದೂರದರ್ಶನದ ಸೇವೆ. 2006ರಲ್ಲಿ ಟಾಟಾ ಸ್ಕೈ. 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಅಂತರ್ಜಾಲದ ಬೆಲೆ ಕುಸಿಯಿತು. ಮರುವರ್ಷವೇ ಏರ್‌ಟೆಲ್ ಸಂಸ್ಥೆ ಬುಟ್ಟಿ ಮತ್ತು ಅಂತರ್ಜಾಲ ಎರಡನ್ನೂ ಬಲ್ಲ ಪೆಟ್ಟಿಗೆಯನ್ನು ಹೊರತಂದಿತು. 2019ರಲ್ಲಿ ಡಿಶ್ ಟಿವಿ, 2020ರ ಜನವರಿಯಲ್ಲಿ ಟಾಟಾ ಸ್ಕೈ ಅದೇ ಹಾದಿ ಹಿಡಿದವು. 2022ರಲ್ಲಿ ಟಾಟಾ ಸ್ಕೈ ತನ್ನ ಹೆಸರನ್ನು ಟಾಟಾ ಪ್ಲೇ ಎಂದು ಬದಲಿಸಿಕೊಂಡಿತು. ಹೆಸರಿನಿಂದ ಆಕಾಶವೇ ಬಿದ್ದುಹೋಯಿತು! ಹಣ ಕೊಟ್ಟು ಉಪಗ್ರಹ ಪ್ರಸಾರ ಪಡೆಯುವ ಗಿರಾಕಿಗಳು 2020ರ ಕೊನೆಗೆ ಸುಮಾರು 7 ಕೋಟಿ ಇದ್ದವರು 2024ರ ಮಾರ್ಚಿನ ಹೊತ್ತಿಗೆ ಸುಮಾರು 6.2 ಕೋಟಿಗೆ ಇಳಿದಿದ್ದರು.

ಇಳಿದವರ ಲೆಕ್ಕ ಇದಾಯಿತು. ಉಳಿದವರು ಯಾರು? ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ತಂಗಿಯ ಮನೆಯಲ್ಲಿ ಇಂಥದೊಂದು ಹೊಸ ಪೆಟ್ಟಿಗೆಯನ್ನು ನೋಡಿದೆ. ನಗರದಲ್ಲಿರುವ ಮಗ ತಂದುಕೊಟ್ಟದ್ದು. ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಬಣ್ಣಬಣ್ಣದ ಆ್ಯಪ್‌ಗಳ ಚೌಕಗಳು ಸಾಲಾಗಿ ಮೂಡಿದವು. ಮನೆಗೆ ಅಂತರ್ಜಾಲದ ತಂತಿ ಬಂದಿಲ್ಲ. ಮಗನ ಮೊಬೈಲು ಮನೆಯಲ್ಲಿದ್ದಷ್ಟು ದಿನ ಮಾತ್ರ ಆ ಚೌಕಗಳಿಗೆ ಜೀವ. ತಂಗಿ ಪ್ರತಿದಿನ ಆ ಮುಚ್ಚಿದ ಬಾಗಿಲುಗಳ ಸಾಲನ್ನು ದಾಟಿ, ಮೂಲೆಗೆ ಸರಿದಿರುವ ತನ್ನ ಎಂದಿನ ಚಾನೆಲ್ಲುಗಳನ್ನು ಹುಡುಕಿಕೊಳ್ಳಬೇಕು. “ಮೊದಲು ಹಚ್ಚಿದರೆ ಬರುತ್ತಿತ್ತು, ಈಗ ಇದು ನನ್ನನ್ನೇ ಏನು ಬೇಕು ಅಂತ ಕೇಳುತ್ತದೆ” ಎಂದಳು. ಅವಳ ಮಾತಿನಲ್ಲಿ ದೂರೂ ಇತ್ತು, ಒಂದಿಷ್ಟು ಹೆಮ್ಮೆಯೂ ಇತ್ತು. ಐವತ್ತು ವರ್ಷ ಅವಳನ್ನು ಯಾವ ಪೆಟ್ಟಿಗೆಯೂ ಹಾಗೆ ಕೇಳಿರಲಿಲ್ಲವಲ್ಲ!

ಕೇಳುವುದು ಒಳ್ಳೆಯದೇ. ಪೆಟ್ಟಿಗೆಗೆ ಬಾಯಿ ಬಂದದ್ದನ್ನು ನಾನು ಹಳಿಯಲಾರೆ. ಎದುರಾಡಲಾಗದ ಮಾತಿನ ಕಾಲವನ್ನು ಕಂಡವನು ನಾನು. ಆದರೆ ಒಂದನ್ನು ಮರೆಯುವಂತಿಲ್ಲ. ಕೊಳಾಯಿ ಬಂದವರು ಮಳೆಯ ಹಂಗನ್ನು ಬಿಡಬಹುದು. ಕೊಳಾಯಿ ಬಾರದ ಕೇರಿಗೆ ಮಳೆಯೇ ಗತಿ. ಹಣವುಳ್ಳ ನೋಡುಗರು ಒಬ್ಬೊಬ್ಬರಾಗಿ ತಂತಿಯ ಕಡೆಗೆ ಸರಿದಂತೆ, ಬುಟ್ಟಿಯನ್ನೇ ನಂಬಿದವರಿಗಾಗಿ ಉಪಗ್ರಹವನ್ನು ಮೇಲೆ ನಿಲ್ಲಿಸುವ ಖರ್ಚನ್ನು ಹೊರುವವರಾರು? ತಿಂಗಳ ಶುಲ್ಕವಿಲ್ಲದ ಆ ಸಾರ್ವಜನಿಕ ಪ್ರಸಾರವನ್ನು ಉಳಿಸಿಕೊಳ್ಳುವುದು ವ್ಯಾಪಾರದ ಮಾತಲ್ಲ, ನೆರೆಹೊರೆಯ ಮಾತು ಎಂದು ನಾನು ತಿಳಿದಿದ್ದೇನೆ. ನಮ್ಮೂರ ಶಾಲೆಯ ಬಳಿ ಬುಟ್ಟಿ ನಿಂತಿದ್ದ ಜಾಗದಲ್ಲಿ ಈಗ ಒಂದು ಬೇವಿನ ಮರವಿದೆ. ಅಜ್ಜಿ ಇದ್ದಿದ್ದರೆ ಅವಳ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದಳೋ ಏನೋ. ಅಂದು ಉತ್ತರ ಅಲೆಯ ಉದ್ದದಲ್ಲಿತ್ತು. ಇಂದು ಅದು ನಮ್ಮಲ್ಲಿದೆ.